ಕಿಟಕಿಯಲ್ಲಿ ಉಪಾಧ್ಯರು

ನಾಶಿಕದ ಒಂದು ವಾಚನಾಲಯದವರು ಕಳೆದ ವರ್ಷ ಹಳೆಯ ಹಾಸ್ಯದ ಅಂಕಗಳ, ಅಂದರೆ ವಿಶೇಷ ಸಂಚಿಕೆಗಳ, ಪ್ರದರ್ಶನ ಇಟ್ಟಿದ್ದರು. ಅರವತ್ತು, ಎಪ್ಪತ್ತರ ದಶಕದ ದೀಪಾವಳಿ ಸಂಚಿಕೆಗಳು, ವ್ಯಂಗ್ಯಚಿತ್ರಗಳ ಸಂಕಲನಗಳು, ಮೂಲೆ ಮುದುರಿದ ನಗೆ ಪುಸ್ತಕಗಳು ಎಲ್ಲವೂ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದವು. ಅವು ಹೊಸದಾಗಿದ್ದಾಗ ಜನ ಅವುಗಳ ಮೇಲೆ ಚಹಾದ ಲೋಟ, ಬಸಿ ಇಡುತ್ತಿದ್ದರು, ಹಾಳೆ ಹರಿದು ಮಕ್ಕಳ ಮೂಗು ಒರೆಸುತ್ತಿದ್ದರು. ಈಗ ಮುಟ್ಟಬಾರದು ಎಂದು ಚೀಟಿ ಅಂಟಿಸಿದ್ದರು. ಅವುಗಳನ್ನು ಮಡಚಿ, ಹೊಲಿದು, ಅಂಚು ಕತ್ತರಿಸಿದವರ ಪೈಕಿ ಇನ್ನೂ ನಡೆದಾಡುತ್ತಿರುವವನು ನಾನೊಬ್ಬ ಸಿಕ್ಕಿದ್ದರಿಂದ ನನ್ನನ್ನೂ ಕರೆದು ಒಂದು ಶಾಲು ಹೊದಿಸಿದರು.

ಅಲ್ಲಿ ಮುದ್ರಣ ಕಲಿಯುತ್ತಿದ್ದ ಹುಡುಗ ಹುಡುಗಿಯರು ಒಂದಿಷ್ಟು ಮಂದಿ ಬಂದಿದ್ದರು. ಒಬ್ಬಳು ಗಾಜಿನ ಮೇಲೆ ಬೆರಳಿಟ್ಟು, “ಅಜ್ಜಾ, ಈ ಪುಟದಲ್ಲಿ ಚೌಕಾಗಿ ಕಂಡಿ ಕೊರೆದಿದಾರಲ್ಲ, ಆವಾಗ ಲೇಸರ್ ಇತ್ತಾ?” ಎಂದಳು. ಮರದ ಕೊಡತಿ ಇತ್ತು ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿದೆನೆಂದು ತಿಳಿದುಕೊಂಡರು. ಈ ಬರಹ ಅವರಿಗಾಗಿ, ಮತ್ತು ಈ ಕಸುಬಿಗೆ ಹೊಸದಾಗಿ ಕಾಲಿಡುವ ಉಳಿದವರಿಗಾಗಿ. ನಾನು ಯಾವಾಗ ಮೇಸ್ತ್ರಿಯಾದೆ, ಯಾವಾಗ ವಿಭಾಗಕ್ಕೆ ಮುಖ್ಯಸ್ಥನಾದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಸಂಬಳ ಹೆಚ್ಚಿದ ತಿಂಗಳು ನನ್ನ ಹೆಂಡತಿ ನಕ್ಕಿದ್ದಳು, ಅಷ್ಟೆ.

ನಾನು ಗದಗಿನವನು. ಸೋದರಮಾವನ ಛಾಪಖಾನೆಯಲ್ಲಿ ಬೈಂಡಿಂಗ್ ಕಲಿತು, ಅವನ ಜೊತೆಗೇ ಜಗಳಾಡಿ, ಓಝರಿನ ವಿಮಾನ ಕಾರ್ಖಾನೆಯಲ್ಲಿದ್ದ ಗೆಳೆಯನೊಬ್ಬನ ಮಾತು ನಂಬಿ ನಾಶಿಕಕ್ಕೆ ಬಂದೆ. ಕಾರ್ಖಾನೆಯವರಿಗೆ ಬೈಂಡರ್ ಬೇಕಿರಲಿಲ್ಲ. ವಿಮಾನಕ್ಕೆ ಸೂಜಿ ದಾರದ ಕೆಲಸ ಇರುವುದಿಲ್ಲವೆಂದು ಗೇಟಿನವನೇ ಹೇಳಿ ಕಳಿಸಿದ. ಊರಿಗೆ ಮರಳಲು ಮುಖವಿಲ್ಲದೆ ಪೇಟೆಯಲ್ಲಿ ತಿರುಗುತ್ತಿದ್ದಾಗ ದಾಮುಅಣ್ಣನ ಪ್ರೆಸ್ ಸಿಕ್ಕಿತು. ಅಲ್ಲಿಂದ ನಿವೃತ್ತಿಯವರೆಗೂ ನಾನು ಕಾಗದ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ದಾಮುಅಣ್ಣ ಆ ಪ್ರೆಸ್ಸಿನ ಮಾಲೀಕರು. ವರ್ಷದ ಹೆಚ್ಚಿನ ದಿನ ಲಗ್ನಪತ್ರಿಕೆ, ಬಿಲ್ ಬುಕ್, ಹರಕೆಯ ಕರಪತ್ರ ಅಚ್ಚು ಹಾಕುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಮಾತ್ರ ಅವರ ಮೈಮೇಲೆ ಸಂಪಾದಕ ಬರುತ್ತಿದ್ದ. ಮಹಾರಾಷ್ಟ್ರದಲ್ಲಿ ದೀಪಾವಳಿಗೆ ಚಕ್ಕುಲಿ, ಕರಜೀಕಾಯಿ ಎಷ್ಟು ಮುಖ್ಯವೋ ದೀಪಾವಳಿ ಅಂಕವೂ ಅಷ್ಟೇ ಮುಖ್ಯ. ದಾಮುಅಣ್ಣನದು ಹಾಸ್ಯದ ಅಂಕ. ಆದರೆ ಆ ಮನುಷ್ಯ ನಕ್ಕದ್ದನ್ನು ನಾವು ಕಂಡಿರಲಿಲ್ಲ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ತಮಗೇ ತಿಳಿಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿದ್ದರು. ಚಿತ್ರಕಾರರು ಕಳಿಸಿದ ಚಿತ್ರಗಳನ್ನು ನಾವು ಕೈ ತೊಳೆಯುವ ನಲ್ಲಿಯ ಮೇಲಿನ ಗೋಡೆಗೆ ಅಂಟಿಸಿ, ತಾವು ಕಟ್ಟಿಗೆಯ ಪರದೆಯ ಹಿಂದೆ ಕುಳಿತು ಇಣುಕುತ್ತಿದ್ದರು. ಶಾಯಿ ಕೈಗೆ ಸೋಪು ಹಚ್ಚುತ್ತಿದ್ದವನ ಕೈ ನಿಂತರೆ ಆ ಚಿತ್ರ ಪಾಸ್. ಸೋಪು ಜಾರಿ ಬಿದ್ದರೆ ಅದಕ್ಕೆ ಪೂರ್ಣ ಪುಟ. ಇದು ಗೊತ್ತಾದ ಮೇಲೆ ನಾವು ಬೇಕೆಂದೇ ಕೆಲವು ಚಿತ್ರಗಳೆದುರು ಸೋಪು ಬೀಳಿಸುತ್ತಿದ್ದೆವು. ಆ ವರ್ಷದ ಅಂಕ ಬಹಳ ಕೆಟ್ಟದಾಗಿತ್ತು.

ತಪ್ಪುಗಳಿಗೆ ನಮ್ಮಲ್ಲಿ ಬರವಿರಲಿಲ್ಲ. ಒಮ್ಮೆ ಶೀರ್ಷಾಸನ ಹಾಕಿದ ಮುದುಕನ ಚಿತ್ರದ ಅಚ್ಚಿನ ಬ್ಲಾಕನ್ನು ನಮ್ಮ ಮಶೀನ್‌ಮನ್ ತಲೆಕೆಳಗಾಗಿ ಕೂರಿಸಿದ. ಕಾಲು ಮೇಲಿರುವ ಮನುಷ್ಯ ಎಲ್ಲಾದರೂ ಇರುತ್ತಾನೆಯೇ ಎಂಬುದು ಅವನ ತರ್ಕ. ಮುದುಕ ನೆಟ್ಟಗೆ ನಿಂತ. ಅವನ ಹೆಂಡತಿ, ಒಲೆ, ಬೆಕ್ಕು, ಬಾಗಿಲಲ್ಲಿ ನಿಂತ ನೆಂಟರು ಎಲ್ಲರೂ ಚಾವಣಿಯಿಂದ ನೇತಾಡಿದರು. ಒಬ್ಬ ಓದುಗ ಮಾತ್ರ ಪ್ರೆಸ್ಸಿಗೇ ಬಂದು, ಇಷ್ಟು ಆಳವಾದ ಚಿತ್ರವನ್ನು ತಾನು ನೋಡಿಯೇ ಇಲ್ಲವೆಂದು ದಾಮುಅಣ್ಣನ ಕೈ ಕುಲುಕಿ ಹೋದ.

ಆದರೆ ಈಗ ಹೇಳಬೇಕಾದದ್ದು ಕಿಟಕಿಯ ವಿಷಯ. ಆ ಕಾಲದ ಮರಾಠಿ ಹಾಸ್ಯ ಅಂಕಗಳಲ್ಲಿ ಕಿಟಕಿ ಚಿತ್ರ ಎಂಬುದೊಂದು ಇರುತ್ತಿತ್ತು. ಬಲಗಡೆ ಪುಟದಲ್ಲಿ ಒಂದು ಮನೆಯ ಗೋಡೆ, ಗೋಡೆಯಲ್ಲಿ ಕಿಟಕಿ. ಕಿಟಕಿ ಇರುವಲ್ಲಿ ಕಾಗದವನ್ನೇ ಚೌಕಾಗಿ ಕತ್ತರಿಸಿ ತೆಗೆದಿರುತ್ತಿದ್ದರು. ಆ ಕಂಡಿಯೊಳಗಿಂದ ಮುಂದಿನ ಹಾಳೆಯ ಚಿತ್ರದ ಒಂದು ತುಣುಕು ಕಾಣುತ್ತಿತ್ತು. ಓದುಗ ಅದನ್ನು ನೋಡಿ ಏನೇನೋ ಊಹಿಸಿಕೊಂಡು, ಹೆಂಡತಿ ಹತ್ತಿರವಿಲ್ಲವಷ್ಟೇ ಎಂದು ನೋಡಿಕೊಂಡು, ಪುಟ ತಿರುವಬೇಕು. ತಿರುವಿದ ಮೇಲೆ ಪೆಚ್ಚಾಗಬೇಕು. ಅಂಕ ಕೊಂಡವರು ಮೊದಲು ತೆಗೆಯುತ್ತಿದ್ದದ್ದು ಇದೇ ಪುಟ, ಸಂಪಾದಕೀಯವನ್ನಲ್ಲ.

ನಾನು ಹೇಳುತ್ತಿರುವ ವರ್ಷದ ಕಿಟಕಿ ಹೀಗಿತ್ತು. ಹೊರಗೆ ಒಬ್ಬ ಪೊಲೀಸ, ಒಬ್ಬ ಅಂಚೆಯವ, ಒಬ್ಬ ಹಾಲಿನವ, ಜಪಮಾಲೆ ಹಿಡಿದ ಒಬ್ಬ ಮುದುಕ ತುದಿಗಾಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ಒಳಗೆ ನೋಡುತ್ತಿದ್ದಾರೆ. ಕೆಳಗೆ ಮರಾಠಿಯಲ್ಲಿ, ಗದ್ದಲ ಮಾಡಬೇಡಿ, ಅಭ್ಯಂಜನ ಇನ್ನೂ ಮುಗಿದಿಲ್ಲ ಎಂಬ ಮಾತು. ಕಂಡಿಯಲ್ಲಿ ಕಾಣುವುದು ಎಣ್ಣೆಯಲ್ಲಿ ಮಿನುಗುವ ದುಂಡನೆಯ ಹೆಗಲು, ಮೇಲಿಂದ ಬೀಳುವ ನೀರು. ಪುಟ ತಿರುವಿದರೆ ತೊಟ್ಟಿಯ ಪಕ್ಕದಲ್ಲಿ ಹಬ್ಬದ ಸ್ನಾನ ಮಾಡಿಸಿಕೊಳ್ಳುತ್ತಿರುವ ಎಮ್ಮೆ. ನಲ್ಲಿಯ ಮುಂದೆ ಈ ಚಿತ್ರಕ್ಕೆ ಸೋಪು ತಾನಾಗಿಯೇ ಬಿದ್ದಿತ್ತು.

ಕಿಟಕಿ ಕತ್ತರಿಸುವುದು ನನ್ನ ಕೆಲಸ. ಪುಸ್ತಕ ಹೊಲಿದು, ರಕ್ಷಾಪುಟ ಹಚ್ಚಿ, ಅಂಚು ಕತ್ತರಿಸಿದ ಮೇಲೆ ಕೊನೆಗೆ ಇದು. ಪುಟ ತೆರೆದು, ಆ ಒಂದು ಹಾಳೆಯ ಕೆಳಗೆ ಸತುವಿನ ದಪ್ಪ ತಗಡು ತೂರಿಸಿ, ಮೇಲೆ ಚೌಕದ ಉಕ್ಕಿನ ಉಳಿ ಇಟ್ಟು ಕೊಡತಿಯಿಂದ ಒಂದೇ ಏಟು. ತಗಡು ಇಲ್ಲದಿದ್ದರೆ ಮುಂದಿನ ಪುಟಕ್ಕೂ ಕಂಡಿ ಬೀಳುತ್ತದೆ. ಏಟು ಹಾಕಿ, ತಗಡು ಎಳೆದುಕೊಂಡು, ಪುಸ್ತಕ ಮುಚ್ಚಿ ಪಕ್ಕಕ್ಕೆ ಎಸೆದು ಮುಂದಿನದಕ್ಕೆ ಕೈ ಹಾಕಬೇಕು. ಕೆಲಸ ಮಾಡುವಾಗ ನನಗೆ ಕಾಣುತ್ತಿದ್ದದ್ದು ಗೋಡೆ ಮತ್ತು ತಗಡು ಮಾತ್ರ. ಕಿಟಕಿಯ ಆಚೆ ಯಾರಿದ್ದಾರೆಂದು ನಾನು ನೋಡಿದ್ದೇ ಇಲ್ಲ, ಮತ್ತು ನೋಡಲು ನನಗೆ ಯಾರೂ ಹೇಳಿರಲಿಲ್ಲ.

ಈಗ ಉಪಾಧ್ಯರು. ನಮ್ಮ ಪ್ರೆಸ್ಸಿನ ಎದುರಿಗೇ ಅವರ ಹೋಟೆಲ್. ಕುಂದಾಪುರದ ಕಡೆಯವರು. ನಾನು ಎರಡು ಹೊತ್ತೂ ಊಟ ಮಾಡುತ್ತಿದ್ದದ್ದು ಅಲ್ಲೇ. ಸಾಂಬಾರಿಗೆ ಬೆಲ್ಲ ಹಾಕುತ್ತಿದ್ದರೆಂಬುದನ್ನು ಬಿಟ್ಟರೆ ಅವರ ಮೇಲೆ ನನ್ನ ದೂರಿಲ್ಲ. ತುಂಬ ಮರ್ಯಾದೆಯ ಮನುಷ್ಯ. ಬಿಳಿ ಅಂಗಿ, ಹಣೆಗೆ ಗಂಧ, ಬಂದವರಿಗೂ ಹೋದವರಿಗೂ ಕೈ ಮುಗಿಯುತ್ತಿದ್ದರು. ಆ ಕೈಮುಗಿದ ಭಂಗಿಯಲ್ಲೇ ಒಂದು ಫೋಟೋ ತೆಗೆಸಿ ಪ್ರತಿ ವರ್ಷ ನಮ್ಮ ಅಂಕದ ಕೊನೆಯ ಪುಟದಲ್ಲಿ ಗಿರಾಕಿಗಳಿಗೆ ದೀಪಾವಳಿಯ ಶುಭಾಶಯ ಹಾಕಿಸುತ್ತಿದ್ದರು. ಕೊನೆಯ ಪುಟವನ್ನು ಯಾರೂ ನೋಡುವುದಿಲ್ಲ ಎಂಬುದು ಅವರ ಹಳೆಯ ಕೊರಗು. ಆ ವರ್ಷ ಪ್ರೆಸ್ಸಿಗೇ ಬಂದು, “ದಾಮುಅಣ್ಣ, ನನ್ನನ್ನು ಸ್ವಲ್ಪ ಮಧ್ಯಕ್ಕೆ ಹಾಕಿ ಮಾರಾಯ್ರೆ, ಪ್ರತಿ ವರ್ಷ ಬಾಗಿಲ ಹೊರಗೆ ನಿಲ್ಲಿಸಿದ ಹಾಗೆ ಆಗ್ತದೆ” ಎಂದರು.

ದಾಮುಅಣ್ಣ ಕೊಡುಗೈ ದೊರೆ. ಜನ ಮೊದಲು ತೆಗೆಯುವ ಪುಟ ಯಾವುದು ಎಂದು ಯೋಚಿಸಿದರು. ಕಿಟಕಿಯ ಪುಟ. ಹಾಗಾದರೆ ಅದರ ಮುಂದಿನ ಹಾಳೆಯಲ್ಲೇ ಉಪಾಧ್ಯರು ಇರಲಿ ಎಂದು ನಿಶ್ಚಯಿಸಿ, ಅಚ್ಚಿನ ಮೊಳೆ ಜೋಡಿಸಿ ಸುತ್ತಲೂ ಸುತಳಿ ಕಟ್ಟಿಟ್ಟಿದ್ದ ಎರಡು ಪುಟಗಳನ್ನು ಕಂಪಾಜಿಟರನ ಕೈಯಿಂದ ಅದಲುಬದಲು ಮಾಡಿಸಿದರು. ಎಮ್ಮೆ ಕೊನೆಯ ಪುಟಕ್ಕೆ ಹೋಯಿತು. ಉಪಾಧ್ಯರು ಎಮ್ಮೆಯ ಜಾಗಕ್ಕೆ ಬಂದರು. ಕಿಟಕಿಗೆ ಕಂಡಿ ಕೊರೆಯುತ್ತಾರೆ ಎಂಬುದು ಆ ಹೊತ್ತಿನಲ್ಲಿ ದಾಮುಅಣ್ಣನಿಗೆ ನೆನಪಾಗಲಿಲ್ಲ. ಅವರ ಮೇಜಿನ ಮೇಲೆ ಕಂಡಿಯಿಲ್ಲದ ಒಂದು ಪ್ರತಿ ಇತ್ತು, ಅದನ್ನು ನೋಡಿ ಸೈ ಎಂದರು. ಔರಂಗಾಬಾದಿನ ಕಟ್ಟುಗಳನ್ನು ಎಸ್.ಟಿ. ಬಸ್ಸಿಗೆ ಹಾಕಿ ಕಳಿಸಿದೆವು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರನ್ನು ನಾವು ಆಗ ಹಾಗೆ ಕರೆಯುತ್ತಿದ್ದೆವು.

ಅಂಕ ಪೇಟೆಗೆ ಬಂದ ದಿನ ನಾನು ತಿಂಡಿಗೆ ಹೋದಾಗ ಹೋಟೆಲ್ ತುಂಬಿತ್ತು. ಎಲ್ಲರೂ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಉಪಾಧ್ಯರನ್ನೇ ನೋಡುತ್ತಿದ್ದರು. ಒಬ್ಬ ಚಹಾ ಕುಡಿದು ಏಳುವಾಗ, “ಕಾಯ್ ಶೇಟ್, ಬಿಸಿನೀರು ಸಾಕಾಯ್ತಾ?” ಎಂದು ವಿಚಾರಿಸಿದ. ಇನ್ನೊಬ್ಬ ಬೆನ್ನು ಉಜ್ಜಲು ಜನ ಬೇಕಿದ್ದರೆ ಹೇಳಿ ಎಂದ. ಉಪಾಧ್ಯರು ಎಲ್ಲರಿಗೂ ಕೈ ಮುಗಿದರು. ಅವರು ಕೈ ಮುಗಿದ ಹಾಗೆಲ್ಲ ಗಿರಾಕಿಗಳು ಮೇಜು ತಟ್ಟಿ ನಕ್ಕರು. ಕೊನೆಗೆ ಅವರು ನನ್ನನ್ನು ಅಡುಗೆಮನೆಗೆ ಕರೆದು ಹಿಟ್ಟಿನ ಡಬ್ಬದ ಮರೆಯಲ್ಲಿ ನಿಲ್ಲಿಸಿದರು.

“ಬಸಣ್ಣ, ಏನಾಗಿದೆ ಈ ಊರಿಗೆ? ನನ್ನ ಸ್ನಾನದ ಚಿಂತೆ ಇವರಿಗೆಲ್ಲ ಯಾಕೆ?”

ನಾನು ಅಂಕ ತೆಗೆದು ನೋಡಿದೆ. ತಗಡಿಲ್ಲದೆ ಆ ಪುಟವನ್ನು ನೋಡಿದ್ದು ಅದೇ ಮೊದಲು. ಪೊಲೀಸ, ಅಂಚೆಯವ, ಹಾಲಿನವ, ಜಪಮಾಲೆಯ ಮುದುಕ ಬಾಯಿಬಿಟ್ಟು ನಿಂತಿದ್ದಾರೆ. ಕಿಟಕಿಯೊಳಗೆ ಉಪಾಧ್ಯರು ಕೈ ಮುಗಿದುಕೊಂಡು ಅವರನ್ನೇ ನೋಡುತ್ತಿದ್ದಾರೆ. ಚೌಕದ ಕೆಳಗಿನ ಅಂಚು ಸರಿಯಾಗಿ ಅವರ ಎದೆಯ ಮಟ್ಟಕ್ಕೆ ಬಂದಿತ್ತು. ಅಗ್ಗದ ಕಾಗದದಲ್ಲಿ ಬಿಳಿ ಅಂಗಿ ಅಂಗಿಯಂತೆ ಕಾಣುತ್ತಲೇ ಇರಲಿಲ್ಲ. ಅಭ್ಯಂಜನ ಇನ್ನೂ ಮುಗಿದಿಲ್ಲ ಎಂಬ ಮಾತು ಕೆಳಗೆ ಇದ್ದೇ ಇತ್ತು. ವರ್ಷವರ್ಷ ಉಪಾಧ್ಯರನ್ನು ಕೊನೆಯ ಪುಟದಲ್ಲಿ ಕಂಡು ರೂಢಿಯಾಗಿದ್ದವರು ಅಲ್ಲಿಗೂ ಹೋಗಿ ನೋಡಿದರೆ ಅಲ್ಲಿ ಎಮ್ಮೆ ನಿಂತಿತ್ತು.

ಇಬ್ಬರೂ ದಾಮುಅಣ್ಣನ ಹತ್ತಿರ ಹೋದೆವು. ದಾಮುಅಣ್ಣ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ಪುಟ ನೋಡಿದರು. ಆಮೇಲೆ ಮರಾಠಿಯಲ್ಲಿ, “ಬಸಪ್ಪಾ, ಇದು ಎಮ್ಮೆಗಿಂತ ಎಷ್ಟೋ ಚೆನ್ನಾಗಿದೆ” ಎಂದರು. ಉಪಾಧ್ಯರು ಪಕ್ಕದಲ್ಲೇ ನಿಂತಿದ್ದರೆಂಬುದು ಅವರಿಗೆ ಹೊಳೆಯಲಿಲ್ಲ. ಉಪಾಧ್ಯರು ಸ್ಟೂಲಿನ ಮೇಲೆ ಕುಳಿತು ಬೆವರು ಒರೆಸಿಕೊಂಡು ತಮ್ಮ ಸಂಕಟವನ್ನೆಲ್ಲ ಬಿಚ್ಚಿದರು.

ಅವರ ಮಗಳು ಸುಮತಿ. ನಾಶಿಕದಲ್ಲೇ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆದರೆ ಬಾಯಿ ತೆರೆದರೆ ಅರ್ಧ ಮರಾಠಿ. ಲೆಕ್ಕಕ್ಕೂ ಅಡುಗೆಗೂ ಹಾಡಿಗೂ ಸೈ. ಅವಳಿಗಿದ್ದದ್ದು ಒಂದೇ ಕಾಯಿಲೆ, ನಗು. ಬಂದರೆ ತಡೆಯಲು ಆಗುತ್ತಿರಲಿಲ್ಲ. ಒಂದು ವಧುಪರೀಕ್ಷೆಯಲ್ಲಿ ಹುಡುಗನ ತಂದೆ ಮಂಡಕ್ಕಿ ತಿನ್ನುವಾಗ ಮೀಸೆಯಲ್ಲಿ ಒಂದು ಕಾಳು ಸಿಕ್ಕಿಕೊಂಡಿತೆಂದು ನಕ್ಕಳು. ಇನ್ನೊಂದರಲ್ಲಿ ಹುಡುಗ ಹಾಡಿದನೆಂದು ನಕ್ಕಳು. ಮೂರನೆಯದರಲ್ಲಿ ಯಾರೂ ಏನೂ ಮಾಡದೆ ಸುಮ್ಮನೆ ಕುಳಿತಿದ್ದರು, ಅದಕ್ಕೇ ನಕ್ಕಳು. ಮೂರೂ ಸಂಬಂಧ ಮುರಿದವು. ಹುಡುಗಿಗೆ ಗಾಂಭೀರ್ಯವಿಲ್ಲ ಎಂಬ ಮಾತು ಮುಂಬಯಿಯಿಂದ ಸೊಲ್ಲಾಪುರದವರೆಗಿನ ನಮ್ಮ ಹೋಟೆಲಿನವರ ನಡುವೆಲ್ಲ ಹಬ್ಬಿತು. ಉಪಾಧ್ಯರು ಮನೆಯೊಳಗೆ ಹಾಸ್ಯದ ಪುಸ್ತಕ ಬರದಂತೆ ನೋಡಿಕೊಂಡರು. ಹಾಸ್ಯದ ಅಂಕಕ್ಕೆ ವರ್ಷವರ್ಷ ಜಾಹೀರಾತು ಕೊಡುವವರು ಮನೆಯಲ್ಲಿ ಮಗಳ ನಗುವಿಗೆ ಬೀಗ ಹಾಕುತ್ತಿದ್ದದ್ದು ನನಗೆ ಮೊದಲಿಂದಲೂ ಸರಿ ಕಂಡಿರಲಿಲ್ಲ. ಆದರೆ ಅವರ ಅನ್ನ ತಿನ್ನುತ್ತಿದ್ದ ನಾನು ಹೇಳುವುದೇನು.

ಈಗ ಔರಂಗಾಬಾದಿನಿಂದ ನಾಲ್ಕನೆಯ ಸಂಬಂಧ ಬಂದಿತ್ತು. ಅಲ್ಲಿ ಬಸ್ ನಿಲ್ದಾಣದ ಹತ್ತಿರ ರಾಮಕೃಷ್ಣ ಭಟ್ಟರ ಹೋಟೆಲ್, ಒಬ್ಬನೇ ಮಗ ರಘುರಾಮ. ಭಟ್ಟರ ಗಂಭೀರ ಮುಖ ಎಷ್ಟು ಪ್ರಸಿದ್ಧವೆಂದರೆ ಅವರ ಹೋಟೆಲಿನಲ್ಲಿ ಸಾಲ ಕೇಳುವ ಧೈರ್ಯ ಯಾರಿಗೂ ಇರಲಿಲ್ಲವಂತೆ. ಹಬ್ಬದ ಮರುದಿನ ಉಪಾಧ್ಯರ ಕುಟುಂಬ ಎಲ್ಲೋರದ ಬಳಿಯ ವೇರೂಳಿಗೆ ದೇವರ ದರ್ಶನಕ್ಕೆ ಹೊರಟಂತೆ ಹೊರಟು, ದಾರಿಯಲ್ಲಿ ಊಟಕ್ಕೆಂದು ಭಟ್ಟರ ಹೋಟೆಲಿನಲ್ಲಿ ಇಳಿಯುವುದೆಂದು ಗೊತ್ತಾಗಿತ್ತು. ಹೀಗೆ ಮಾಡಿದರೆ ಸಂಬಂಧ ಕೂಡದಿದ್ದರೂ ಊಟ ಮಾಡಿ ಹೋದರು ಎಂದಷ್ಟೇ ಆಗುತ್ತದೆ, ಯಾರಿಗೂ ಮುಖಭಂಗವಿಲ್ಲ.

“ಭಟ್ರು ಇದನ್ನು ನೋಡಿದ್ರೆ ಮುಗೀತು” ಎಂದರು ಉಪಾಧ್ಯರು. “ಅವಳು ನೋಡಿದ್ರೆ ಅದಕ್ಕಿಂತ ಮೊದಲೇ ಮುಗೀತು. ಅಪ್ಪನೇ ಕಿಟಕಿಯಲ್ಲಿ ಸಿಕ್ಕಿದ ಮೇಲೆ ಅವಳ ನಗು ಯಾರು ನಿಲ್ಲಿಸ್ತಾರೆ? ನಾಲ್ಕನೇದೂ ಹೋದ್ರೆ ನನಗೆ ಯಾರ ಮನೆ ಬಾಗಿಲು ತಟ್ಟಲಿಕ್ಕೂ ಮುಖ ಇಲ್ಲ ಬಸಣ್ಣ.”

ನನಗೆ ನಗು ಬರುತ್ತಿತ್ತು, ಅದರ ಜೊತೆಗೆ ಕನಿಕರವೂ ಬಂತು.

ದಾಮುಅಣ್ಣ ಪರಿಹಾರ ಕಂಡುಹಿಡಿದರು. ಮಾರದೆ ಉಳಿದ ಪ್ರತಿಗಳಿಗೆಲ್ಲ ಕಂಡಿಯ ಹಿಂದೆ ಬಿಳಿ ಕಾಗದದ ತುಂಡು ಅಂಟಿಸಿಬಿಡಿ, ಕಿಟಕಿ ಮುಚ್ಚಿದಂತಾಯಿತು ಎಂದರು. ಹಾಳೆ ಮಡಚುವ ಹೆಂಗಸರ ಮುಖಂಡೆ ಸಖುಬಾಯಿ ಮೈದಾ ಕುದಿಸಿ ಅಂಟು ಮಾಡಿದಳು. ಅವಸರದಲ್ಲಿ ಅದು ತೆಳುವಾಯಿತು. ಅಂಟು ತುಂಡಿನ ಅಂಚಿನಿಂದ ಇಳಿದು ಮುಂದಿನ ಪುಟವನ್ನೂ ಹಿಡಿದುಕೊಂಡಿತು. ಕೊಂಡವರು ಮುಚ್ಚಿದ ಕಿಟಕಿಯ ಹಿಂದೆ ಭಾರೀ ಗುಟ್ಟಿದೆಯೆಂದು ತಿಳಿದು ಉಗುರಿನಿಂದ ಕೆರೆದು ಎಬ್ಬಿಸಿದರು. ಎಬ್ಬಿಸಿದಾಗ ಉಪಾಧ್ಯರ ಅರ್ಧ ಮುಖ ಕಿತ್ತು ಕಿಟಕಿಗೇ ಅಂಟಿಕೊಂಡು ಬಂತು. ಮೊದಲು ಅವರು ಕಿಟಕಿಯ ಆಚೆ ಇದ್ದರು, ಈಗ ಕಿಟಕಿಯಲ್ಲೇ ಖಾಯಂ ಆದರು. ಅಂಕ ಹಿಂದೆಂದೂ ಖರ್ಚಾಗದ ಹಾಗೆ ಖರ್ಚಾಯಿತು. ಹೊಸ ಮಕ್ಕಳು ಇದನ್ನೊಂದು ನೆನಪಿಡಬೇಕು. ಅಚ್ಚಾದ ತಪ್ಪನ್ನು ಮುಚ್ಚಲು ಹೋದರೆ ಓದುಗನಿಗೆ ಅದರ ವಿಳಾಸ ಕೊಟ್ಟಂತೆ.

ಉಳಿದದ್ದು ಔರಂಗಾಬಾದಿನ ಕಟ್ಟು. ಅದನ್ನು ಏಜೆಂಟನಿಂದ ಹಿಂದಕ್ಕೆ ತೆಗೆದುಕೊಂಡು ಬರಲು ದಾಮುಅಣ್ಣ ನನ್ನನ್ನು ಉಪಾಧ್ಯರ ಜೊತೆಗೇ ಕಳಿಸಿದರು. ಉಪಾಧ್ಯರು, ಅವರ ಹೆಂಡತಿ, ಸುಮತಿ, ನಾನು ಬೆಳಗಿನ ಎಸ್.ಟಿ. ಹತ್ತಿದೆವು. ಚಾಲಕನ ಬೆನ್ನಿಗೆ ಒಂದು ಉದ್ದ ಸೀಟು, ಅದರಲ್ಲಿ ಕುಳಿತವರು ಇಡೀ ಬಸ್ಸಿಗೆ ಮುಖ ಮಾಡಿ ಕೂರಬೇಕು. ಬೇರೆ ಜಾಗವಿಲ್ಲದೆ ಉಪಾಧ್ಯರು ಅಲ್ಲಿ ಕುಳಿತರು. ವಿಂಚೂರಿನಲ್ಲಿ ಲಾಸಲಗಾಂವಿನ ಈರುಳ್ಳಿ ವ್ಯಾಪಾರಿಯೊಬ್ಬ ಹತ್ತಿ ನೇರ ಅವರ ಎದುರು ಕುಳಿತ. ಚೀಲದಿಂದ ಅಂಕ ತೆಗೆದ. ಕಿಟಕಿಯ ಪುಟಕ್ಕೇ ಹೋದ. ಪುಟ ನೋಡಿದ, ತಲೆ ಎತ್ತಿದ, ಉಪಾಧ್ಯರನ್ನು ನೋಡಿದ. ಮತ್ತೆ ಪುಟ ನೋಡಿದ. ಪಕ್ಕದವನಿಗೆ ತೋರಿಸಿದ. ಇಬ್ಬರೂ ಕೂಡಿ ಉಪಾಧ್ಯರನ್ನು ನೋಡಿದರು. ಕೊನೆಗೆ ವ್ಯಾಪಾರಿ ತುಂಬ ಗೌರವದಿಂದ ಅವರಿಗೆ ಕೈ ಮುಗಿದ.

ಉಪಾಧ್ಯರು ಏನು ಮಾಡಿಯಾರು. ಜೀವಮಾನದ ಅಭ್ಯಾಸ. ಅವರ ಎರಡೂ ಕೈ ತಾವಾಗಿಯೇ ಎದ್ದು ಎದೆಯ ಮುಂದೆ ಕೂಡಿದವು. ಫೋಟೋದಲ್ಲಿದ್ದ ಹಾಗೇ. ಅಂಕ ಸೀಟಿನಿಂದ ಸೀಟಿಗೆ ಹಿಂದಕ್ಕೆ ಹೋಯಿತು. ಅದು ಹೋದ ಹಾಗೆ ನಗು ಹಿಂದಿನಿಂದ ಮುಂದಕ್ಕೆ ಬಂತು. ಕಂಡಕ್ಟರ್ ಟಿಕೆಟ್ ಕತ್ತರಿಸುವುದು ಬಿಟ್ಟು ನೋಡಿದ. ಏನಾಯಿತೆಂದು ಚಾಲಕ ಕೇಳಿದ್ದಕ್ಕೆ ಅವನಿಗೂ ತೋರಿಸಬೇಕಾಗಿ ಯೇವಲೆಯ ಹತ್ತಿರ ಗಾಡಿ ಬದಿಗೆ ನಿಂತಿತು.

ಆ ಗದ್ದಲದಲ್ಲಿ ಸುಮತಿಗೂ ಪುಟ ಕಂಡುಬಿಟ್ಟಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕಿಟಕಿಯ ಸರಳಿಗೆ ಹಣೆ ಒತ್ತಿ ಹಿಡಿದಳು. ಅವಳ ಬೆನ್ನು ಅಲುಗುತ್ತಿತ್ತು. ವೈಜಾಪುರ ದಾಟಿದ ಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು. ನಕ್ಕದ್ದಕ್ಕೋ ಅತ್ತದ್ದಕ್ಕೋ ನನಗೆ ತಿಳಿಯಲಿಲ್ಲ.

“ಬಸಣ್ಣ, ನಂಗೆ ಭೀತಿ ವಾಟತೆ” ಎಂದಳು. “ಅಲ್ಲಿ ನಕ್ಕುಬಿಟ್ರೆ? ಅಪ್ಪ ತಿರುಗಿ ನನ್ನ ಜೊತೆ ಮಾತೇ ಆಡೋದಿಲ್ಲ. ನಾನು ಮುದ್ದಾಮ್, ಬೇಕಂತ ನಗೋದಿಲ್ಲ, ಅದೇ ಬರತ್ತೆ.”

“ನಗು ಬಂದಾಗ ಏನರ ದುಃಖದ ವಿಚಾರ ಮಾಡವಾ” ಎಂದೆ.

“ಕಾಯ್ ವಿಚಾರ? ಹೇಳು.”

ಉಪಾಧ್ಯರ ಸಾಂಬಾರು ನೆನೆಸಿಕೋ ಎಂದೆ. ಅವಳು ಮತ್ತೆ ಸೆರಗು ಬಾಯಿಗಿಟ್ಟಳು.

ಔರಂಗಾಬಾದಿನಲ್ಲಿ ಇಳಿದವನೇ ಅವರನ್ನು ನೆರಳಿನಲ್ಲಿ ಕೂರಿಸಿ ನಾನು ನಿಲ್ದಾಣದ ಪುಸ್ತಕದಂಗಡಿಗೆ ಓಡಿದೆ. ನಮ್ಮ ಏಜೆಂಟ ಅಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಕಟ್ಟು ಎಲ್ಲಿ ಎಂದೆ. ಒಂದೂ ಉಳಿದಿಲ್ಲ, ಇನ್ನೂ ಕಳಿಸಲು ಹೇಳಿ ಎಂದ. ಯಾರು ಕೊಂಡರು ಎಂದೆ. “ಎದುರಿನ ಹೋಟೆಲಿನ ಭಟ್‌ಸಾಹೇಬರು” ಎಂದ. “ಒಂದು ಪ್ರತಿ ನೋಡಿದರು, ಇದ್ದದ್ದೆಲ್ಲ ಎತ್ತಿಕೊಂಡು ಹೋದರು.”

ಸುಟ್ಟುಹಾಕಲು ಒಯ್ದರೋ, ಬೀಗರಾಗುವವರ ಮುಖಕ್ಕೆ ಎಸೆಯಲು ಒಯ್ದರೋ ಎಂದು ಯೋಚಿಸುತ್ತ ಬಂದು ಉಪಾಧ್ಯ ದಂಪತಿಗೆ ವಿಷಯ ತಿಳಿಸಿದೆ. ಉಪಾಧ್ಯರು ಮರಳಿ ನಾಶಿಕದ ಬಸ್ಸಿನ ಕಡೆಗೇ ಹೆಜ್ಜೆ ಹಾಕಿದರು. ಅವರ ಹೆಂಡತಿ, ಬಂದವರು ಮುಖ ತೋರಿಸದೆ ಹೋದರೆ ಇನ್ನೂ ಕೆಟ್ಟದಾಗುತ್ತದೆಂದು ತೋಳು ಹಿಡಿದು ಎಳೆದುಕೊಂಡು ಬಂದರು.

ಭಟ್ಟರು ಹೋಟೆಲಿನ ಮೆಟ್ಟಿಲಲ್ಲೇ ನಿಂತಿದ್ದರು. ಆ ಮುಖದ ಬಗ್ಗೆ ಕೇಳಿದ್ದೆಲ್ಲ ನಿಜ. ಪಂಚಾಂಗದಲ್ಲಿ ಗ್ರಹಣ ಹುಡುಕುತ್ತಿರುವವರ ಮುಖದಂತಿತ್ತು. ಅವರ ಹಿಂದೆ ಮಗ ರಘುರಾಮ, ಅದೇ ಮುಖ, ಮೀಸೆ ಮಾತ್ರ ಚಿಕ್ಕದು. ಒಳಗೆ ಹೋದೆವು. ಪ್ರತಿ ಮೇಜಿನ ಮೇಲೂ ನೀರಿನ ಲೋಟ, ಚಟ್ನಿಯ ಬಟ್ಟಲು, ಅವುಗಳ ಪಕ್ಕದಲ್ಲಿ ನಮ್ಮ ಅಂಕ ಕಿಟಕಿಯ ಪುಟಕ್ಕೇ ತೆರೆದುಕೊಂಡಿತ್ತು. ಸಾಲಾಗಿ ಎಲ್ಲ ಮೇಜಿನ ಮೇಲೂ ಉಪಾಧ್ಯರು ಕೈ ಮುಗಿದುಕೊಂಡಿದ್ದರು. ಗಿರಾಕಿಗಳು ದೋಸೆ ತಿನ್ನುತ್ತ ಅವರನ್ನು ನೋಡುತ್ತಿದ್ದರು.

ನಾವು ಕುಳಿತೆವು. ಸುಮತಿ ತನ್ನ ಕಾಲ ಬೆರಳುಗಳನ್ನೇ ದಿಟ್ಟಿಸುತ್ತಿದ್ದಳು. ಭಟ್ಟರು ಅಂಕವನ್ನು ಎತ್ತಿಕೊಂಡು ಉಪಾಧ್ಯರ ಮುಂದೆ ಇಟ್ಟರು.

“ಇದನ್ನು ನೋಡಿದೆ” ಎಂದರು.

ಉಪಾಧ್ಯರು ಕಣ್ಣು ಮುಚ್ಚಿದರು.

“ಬಹಳ ಒಳ್ಳೇ ಜಾಹೀರಾತು” ಎಂದರು ಭಟ್ಟರು. “ನನಗೆ ಮರಾಠಿ ಓದ್ಲಿಕ್ಕೆ ಬರುವುದಿಲ್ಲ. ಆದ್ರೂ ಅರ್ಥ ಆಯ್ತು. ಹಬ್ಬದ ದಿವಸ ಪೊಲೀಸ್, ಪೋಸ್ಟಿನವನು, ಹಾಲಿನವನು, ಹಿರಿಯರು, ಎಲ್ಲ ನಿಮ್ಮನ್ನು ನೋಡ್ಲಿಕ್ಕೆ ಮನೆಗೇ ಬಂದಿದ್ದಾರೆ. ನೀವು ಕಿಟಕಿಯಿಂದಲೇ ಎಲ್ಲರಿಗೂ ನಮಸ್ಕಾರ ಮಾಡ್ತಾ ಇದ್ದೀರಿ. ಇಷ್ಟು ಮರ್ಯಾದೆ ಒಬ್ಬ ಹೋಟೆಲಿನವನಿಗೆ ಎಲ್ಲುಂಟು? ನಮ್ಮವರು ಅಂತ ಗಿರಾಕಿಗಳಿಗೂ ಗೊತ್ತಾಗ್ಲಿ ಅಂತ ಎಲ್ಲ ಮೇಜಿಗೂ ಇಟ್ಟಿದ್ದೇನೆ.” ಆಮೇಲೆ ನನ್ನ ಕಡೆ ತಿರುಗಿದರು. “ನೀವು ಪ್ರೆಸ್ಸಿನವರಲ್ವಾ? ಮುಂದಿನ ವರ್ಷ ಈ ಕಿಟಕಿ ನನಗೆ ಬೇಕು. ಎಷ್ಟಾಗ್ತದೆ?”

ನಾನು ಬಾಯಿ ತೆರೆಯುವ ಮೊದಲೇ ಬದಿಯಲ್ಲಿ ಸಣ್ಣಗೆ ಸೀಟಿ ಊದಿದಂಥ ಸದ್ದು ಬಂತು. ಸುಮತಿಯ ಮೂಗಿನಿಂದ ಬಂದದ್ದು. ಅವಳು ಸೆರಗು ಹುಡುಕಿದಳು, ಸೆರಗು ಬೆನ್ನ ಹಿಂದೆ ಸಿಕ್ಕಿಕೊಂಡಿತ್ತು. ಆಮೇಲೆ ತಡೆಯಲು ಆಗಲಿಲ್ಲ. ಅಷ್ಟು ದೊಡ್ಡ ನಗುವನ್ನು ನಾನು ಒಬ್ಬ ಹುಡುಗಿಯಿಂದ ಕೇಳಿರಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ತಲೆಯೆತ್ತಿ ಭಟ್ಟರ ಮುಖ ನೋಡಿ ಮತ್ತೆ ನಕ್ಕಳು.

ಉಪಾಧ್ಯರು ಎದ್ದು ನಿಂತರು. ಕ್ಷಮೆ ಕೇಳಬೇಕೆಂದು ಭಟ್ಟರ ಮುಂದೆ ಕೈ ಮುಗಿದರು. ಎದೆಯ ಮಟ್ಟಕ್ಕೆ, ಅದೇ ಭಂಗಿ. ಎಲ್ಲ ಮೇಜಿನ ಗಿರಾಕಿಗಳು ಒಮ್ಮೆ ಅವರನ್ನು, ಒಮ್ಮೆ ತಮ್ಮ ಮುಂದಿನ ಪುಟವನ್ನು ನೋಡಿದರು. ಇಡೀ ಹೋಟೆಲ್ ನಕ್ಕಿತು. ಮಾಣಿಗಳು ತಟ್ಟೆ ಕೆಳಗಿಟ್ಟು ನಕ್ಕರು. ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದ. ರಘುರಾಮ ಲೋಟಕ್ಕೆ ನೀರು ಹೊಯ್ಯುತ್ತಿದ್ದ. ಲೋಟ ತುಂಬಿ, ಮೇಜು ತುಂಬಿ, ನೀರು ನನ್ನ ಪಂಚೆಯ ಮೇಲೆ ಇಳಿಯುತ್ತಿದ್ದರೂ ಅವನು ಸುಮತಿಯಿಂದ ಕಣ್ಣು ತೆಗೆಯಲಿಲ್ಲ. ಅವನ ತುಟಿಯ ಒಂದು ಕೊನೆ ಸ್ವಲ್ಪ ಮೇಲಕ್ಕೆ ಹೋಗಿತ್ತು. ಅಭ್ಯಾಸವಿಲ್ಲದ್ದರಿಂದ ಅದು ಅಲ್ಲೇ ನಿಂತಿತ್ತು.

“ತಪ್ಪಾಯ್ತು ಭಟ್ರೇ” ಎಂದರು ಉಪಾಧ್ಯರು. “ಸಣ್ಣಂದಿನಿಂದ ಹೀಗೇ. ನಾನು ಮೊದಲೇ ಹೇಳಬೇಕಿತ್ತು, ಮುಚ್ಚಿಟ್ಟೆ. ನಾವು ಹೊರಡ್ತೇವೆ.”

ಭಟ್ಟರು ಅವರ ಎರಡೂ ಕೈ ಹಿಡಿದು ಕೆಳಗಿಳಿಸಿ ಕೂರಿಸಿದರು.

“ನೀವು ಏನೂ ಮುಚ್ಚಿಟ್ಟಿಲ್ಲ” ಎಂದರು. “ಹುಡುಗಿ ನಗ್ತಾಳೆ ಅಂತ ಮೂರು ಕಡೆಯಿಂದ ಕೇಳಿದ್ದೆ. ಕೇಳಿದ ಮೇಲೇ ನಿಮಗೆ ಹೇಳಿ ಕಳಿಸಿದ್ದು. ಇವನ ತಾಯಿ ಹೋದ ಮೇಲೆ ನಮ್ಮ ಮನೆಯಲ್ಲಿ ನಗುವವರು ಯಾರೂ ಇಲ್ಲ ಉಪಾಧ್ಯರೇ. ನನಗೆ ಬರುವುದಿಲ್ಲ. ಇವನಿಗೆ ನಾನು ಕಲಿಸ್ಲಿಲ್ಲ. ಇಬ್ಬರೂ ಹೀಗೇ ಮುಖ ಮಾಡಿಕೊಂಡು ಎದುರುಬದುರು ಊಟ ಮಾಡಿ ಏಳ್ತೇವೆ.”

ಹೋಟೆಲಿನ ನಗು ಒಂದೊಂದಾಗಿ ನಿಂತಿತು. ಉಪಾಧ್ಯರ ಹೆಂಡತಿ ಕಣ್ಣಿಗೆ ಸೆರಗು ಹಚ್ಚಿದರು. ಸುಮತಿ ನಗುವುದನ್ನು ನಿಲ್ಲಿಸಿ, ಒದ್ದೆ ಕೆನ್ನೆಯನ್ನು ಅಂಗೈಯಿಂದ ಒರೆಸಿಕೊಂಡು ನೆಟ್ಟಗೆ ಕುಳಿತಳು.

“ಖರಂಚ?” ಎಂದಳು ಮರಾಠಿಯಲ್ಲೇ. ತಕ್ಷಣ ಎಚ್ಚರವಾಗಿ, “ನಿಜವಾಗ್ಲೂ?” ಎಂದು ಕನ್ನಡದಲ್ಲಿ ಕೇಳಿದಳು.

“ನಿಜವಾಗ್ಲೂ” ಎಂದರು ಭಟ್ಟರು, ಮುಖದ ಒಂದು ಗೆರೆಯೂ ಅಲುಗದಂತೆ. “ಈಗ ಯಾಕೆ ನಿಲ್ಲಿಸಿದ್ದು?”